ದೋಸ್ತನ ಮಗಳ ಗುಳಿಗೆ

ನಮ್ಮ ಮನೆಯವರೆಲ್ಲ ಭಾರೀ ಶಕ್ತಿವಂತರು ಎಂದು ಹಲಸೂರಿನ ನಮ್ಮ ವಠಾರದವರು ನಂಬಿದ್ದರು. ಅದಕ್ಕೆ ಕಾರಣ ಒಂದು ಡಬ್ಬಿ. ಅಡುಗೆಮನೆಯ ಗೂಡಿನಲ್ಲಿ ಉಪ್ಪಿನ ಭರಣಿಯ ಪಕ್ಕ ಅದು ಕೂತಿರುತ್ತಿತ್ತು. ಮೇಲೆ ತೋಳು ಮಡಚಿ ನಿಂತ ಜಟ್ಟಿಯ ಚಿತ್ರ, ಕೆಳಗೆ ವಿಟಮಿನ್ ಗುಳಿಗೆ ಎಂಬ ದಪ್ಪ ಅಕ್ಷರ. ಸಕ್ಕರೆ ಕೇಳಲು, ಸುದ್ದಿ ಹೇಳಲು ಬಂದವರ ಕಣ್ಣೆಲ್ಲ ಅದರ ಮೇಲೆಯೇ. “ಹುಡ್ಗೀಗೆ ದಿನಾ ಕೊಡ್ತೀರಾ? ಅದಕ್ಕೇ ನೋಡಿ, ಹೆಂಗೆ ಗುಂಡಗಿದಾಳೆ” ಎನ್ನುತ್ತಿದ್ದರು. ನಮ್ಮ ಅವ್ವ ಹೂಂ ಎಂದು ಮಾತು ಬದಲಿಸುತ್ತಿದ್ದಳು.

ಆ ಡಬ್ಬಿಯಲ್ಲಿ ವಿಟಮಿನ್ ಇರಲಿಲ್ಲ. ನನ್ನ ಫಿಟ್ಸ್ ಗುಳಿಗೆ ಇತ್ತು.

ಈಗ ಇದನ್ನು ಎಷ್ಟು ಸಲೀಸಾಗಿ ಬರೆದುಬಿಟ್ಟೆ ನೋಡಿ! ಆಗ ಈ ಒಂದು ಸಾಲನ್ನು ಬಾಯಿಬಿಟ್ಟು ಹೇಳಿದ್ದರೆ ಅವ್ವ ನನ್ನ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಇವತ್ತು ನಾನು ಕೆ.ಆರ್. ಪುರದ ಒಂದು ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಫಾರ್ಮಸಿಸ್ಟ್. ತರಬೇತಿಗೆ ಬರುವ ಹುಡುಗರು ಚಹಾ ಕುಡಿಯುವಾಗ ಕೇಳುತ್ತಾರೆ, “ಮೇಡಂ, ನೀವ್ಯಾಕೆ ಫಾರ್ಮಸಿ ತಗೊಂಡ್ರಿ? ಮೆಡಿಕಲ್ ಸೀಟ್ ಸಿಗ್ಲಿಲ್ವಾ?” ಸೀಟು ಸಿಗಲಿಲ್ಲ ನಿಜ. ನಾನು ಕೇಳಲೂ ಇಲ್ಲ ಎಂಬುದೂ ನಿಜ. ನನಗೆ ಬೇಕಾಗಿದ್ದದ್ದು ಇದೇ ಕೌಂಟರು. ಯಾಕೆ ಎಂದು ಹೇಳಬೇಕಾದರೆ ಕಥೆಯನ್ನು ಚಪ್ಪಲಿಯಿಂದ ಶುರು ಮಾಡಬೇಕು.

ತೊಂಬತ್ತರ ದಶಕದ ನಡುಭಾಗ, ನಾನು ಒಂಬತ್ತನೇ ಕ್ಲಾಸು. ಬೆಳಗಿನ ಪ್ರಾರ್ಥನೆಗೆ ಸಾಲಿನಲ್ಲಿ ನಿಂತಿದ್ದು ನೆನಪಿದೆ. ಆಮೇಲೆ ನೆನಪಿರುವುದು ನೆಲ. ಬಾಯಲ್ಲಿ ರಕ್ತದ ರುಚಿ, ಮುಷ್ಟಿಯಲ್ಲಿ ಯಾರೋ ತುರುಕಿದ ಬೀಗದ ಕೈಗೊಂಚಲು, ಮೂಗಿನ ಮೇಲೆ ಒಂದು ಚಪ್ಪಲಿ. ಅದು ಯಾರ ಚಪ್ಪಲಿಯೋ ಇವತ್ತಿಗೂ ಗೊತ್ತಿಲ್ಲ. ಆ ಮನುಷ್ಯ ಸಿಕ್ಕರೆ ಕೇಳುವುದು ಒಂದೇ ಮಾತು: ಪುಣ್ಯಾತ್ಮಾ, ಒಂದು ದಿನವಾದರೂ ಅದನ್ನು ತೊಳೆದಿದ್ದೆಯಾ? ನನ್ನ ಲಂಗ ಒದ್ದೆಯಾಗಿತ್ತು. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ಇದೇ ಕಾಯಿಲೆಯ ಯಾವುದಾದರೂ ಹುಡುಗಿ ಇದನ್ನು ಓದುತ್ತಿದ್ದರೆ ಅವಳಿಗೆ ಬೇರೆಲ್ಲ ಸಾಲಿಗಿಂತ ಈ ಸಾಲು ಬೇಕಾಗುತ್ತದೆ. ಹೌದಮ್ಮಾ, ನನಗೂ ಹಾಗೇ ಆಗಿತ್ತು. ಶಾಲೆಯ ಅಂಗಳದಲ್ಲಿ, ಎಲ್ಲರೆದುರು.

ಅಪ್ಪನನ್ನು ಕೆಲಸದಿಂದ ಕರೆಸಿದರು. ನಮ್ಮದು ಭೀಮಾ ನದಿ ದಂಡೆಯ ಊರು. ಮನೆದೇವರ ಹೆಸರನ್ನೇ ನನಗೆ ಭಾಗ್ಯವಂತಿ ಎಂದು ಇಟ್ಟಿದ್ದರು, ಕರೆಯುವುದು ಭಾಗೂ. ಅಪ್ಪ ವಿಮಾನಪುರದ ಹತ್ತಿರದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಲೇತ್ ಮಷೀನ್ ನಡೆಸುತ್ತಿದ್ದರು, ಅವ್ವ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುತ್ತಿದ್ದಳು. ಅಪ್ಪ ಎಣ್ಣೆಗೈಯಲ್ಲೇ ಓಡಿ ಬಂದು ನನ್ನ ಹಣೆ ಮುಟ್ಟಿ ನೋಡಿದರು. ಇಡೀ ವಾರ ನನ್ನ ಹಣೆಯಲ್ಲಿ ಆ ಗ್ರೀಸಿನ ವಾಸನೆ ಇತ್ತು ಎಂದು ಈಗಲೂ ಅನ್ನಿಸುತ್ತದೆ.

ಮೆದುಳಿನ ಕಾಯಿಲೆಗಳ ದೊಡ್ಡ ಆಸ್ಪತ್ರೆಗೆ ಹೋದೆವು. ಕಾಯುವುದು ಎಂದರೇನು ಎಂದು ನಾನು ಕಲಿತದ್ದು ಅಲ್ಲಿಯೇ. ಉದ್ದುದ್ದ ಬೆಂಚು, ಅದರ ಮೇಲೆ ಇಡೀ ಕರ್ನಾಟಕ. ಹೆಸರು ಕರೆದಾಗಲೆಲ್ಲ ಎಲ್ಲರೂ ಒಮ್ಮೆ ಏಳುವುದು, ತಮ್ಮದಲ್ಲ ಎಂದು ಗೊತ್ತಾದ ಮೇಲೆ ಕೂರುವುದು. ತಲೆಗೆ ಅಂಟಿನಂಥದ್ದು ಮೆತ್ತಿ, ತಂತಿ ಸಿಕ್ಕಿಸಿ, ಮಲಗಿಸಿ ಯಂತ್ರದ ಕಾಗದದ ಮೇಲೆ ಏನೋ ಗೆರೆ ಬರೆಸಿಕೊಂಡರು. ಹೊರಗೆ ಬಂದರೆ ನನ್ನ ವಯಸ್ಸಿನದೇ ಇನ್ನೊಬ್ಬಳು ಕೂತಿದ್ದಾಳೆ, ಅವಳ ಕೂದಲೂ ಅದೇ ಅಂಟಿನಲ್ಲಿ ಹಂದಿಮುಳ್ಳಿನ ಹಾಗೆ ನಿಂತಿದೆ. ನಾನು ಅವಳ ತಲೆ ನೋಡಿದೆ, ಅವಳು ನನ್ನ ತಲೆ ನೋಡಿದಳು. ಇಬ್ಬರಿಗೂ ತಡೆಯಲಾರದ ನಗು ಬಂತು. “ಕೊಬ್ರಿ ಎಣ್ಣೆ ಹಚ್ಚು, ಹೋಗುತ್ತೆ. ನಂದು ಎರಡನೇ ಸಲ” ಎಂದಳು. ಅವಳ ಹೆಸರು ಕೇಳಲಿಲ್ಲ. ಆದರೆ ಈ ಲೋಕದಲ್ಲಿ ಫಿಟ್ಸ್ ಬರುವವಳು ನಾನೊಬ್ಬಳೇ ಅಲ್ಲ ಎಂದು ಅವಳಿಂದ ತಿಳಿಯಿತು. ಆ ದಿನದ ಮಟ್ಟಿಗೆ ಅದೇ ಔಷಧಿ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು, ತಾಳ್ಮೆಯವರು. “ಗುಳಿಗೆ ಒಂದು ದಿನಾನೂ ತಪ್ಪಿಸ್ಬಾರ್ದು. ಓದ್ಬಹುದು, ಆಡ್ಬಹುದು, ಎಲ್ಲಾ ಮಾಡ್ಬಹುದು. ಈಜೋದು, ಮೇಲೆ ಹತ್ತೋದು ಮಾತ್ರ ಈಗ ಬೇಡ” ಎಂದರು. ಅವ್ವ ಸೆರಗು ಹಿಂಡುತ್ತಾ ಕೇಳಿದಳು, “ಮದುವಿ ಮಾಡಬಹುದೇನ್ರಿ?”

ಡಾಕ್ಟರಮ್ಮ ನನ್ನನ್ನೊಮ್ಮೆ ಅವ್ವನನ್ನೊಮ್ಮೆ ನೋಡಿ, “ಮೊದಲು ಎಸ್ಸೆಸ್ಸೆಲ್ಸಿ ಮಾಡ್ಸಿ” ಎಂದರು.

ಅವ್ವನಿಗೆ ಅದು ಉತ್ತರ ಎನ್ನಿಸಲಿಲ್ಲ. ಬಸ್ಸಿನಲ್ಲಿ ಪಿಸುಗುಟ್ಟಿದಳು, “ಹೆಣ್ಣು ಕೂಸು ಅದ. ಇದು ನಾಕು ಮಂದಿ ಬಾಯಾಗ ಬಿತ್ತಂದ್ರ ಮುಗೀತು. ವಠಾರದಾಗ ಯಾರಿಗೂ ಗೊತ್ತಾಗಬಾರ್ದು.” ಶಾಲೆಯಲ್ಲಿ ಆದದ್ದಕ್ಕೆ ಬಿಸಿಲು, ಉಪವಾಸ, ಅದು ಒಂದೇ ಸಲದ್ದು ಎಂದು ಹೇಳಿ ನಂಬಿಸಿದ್ದಾಯಿತು. ಉಳಿದದ್ದು ಗುಳಿಗೆ. ಬೀದಿಯ ಮೆಡಿಕಲ್ ಶಾಪಿನವರು ಒಳ್ಳೆಯವರೇ, ಆದರೆ ಅವರಿಗೆ ಯಾರ ಮನೆಯಲ್ಲಿ ಯಾರಿಗೆ ಮೂಲವ್ಯಾಧಿ ಎಂಬುದೂ ಗೊತ್ತಿತ್ತು, ಅದು ಬೀದಿಗೂ ಗೊತ್ತಿತ್ತು. ಅಪ್ಪ ಯೋಚಿಸಿ ಹೇಳಿದರು, “ಕೆರಿ ದಾಟಿ ಹೋಗೋಣ. ಫ್ರೇಜರ್ ಟೌನ್‌ದಾಗ ನಮ್ಮ ಮಂದಿ ಯಾರೂ ಇಲ್ಲ.”

ಹೀಗೆ ಪ್ರತಿ ತಿಂಗಳೂ ಒಂದು ಭಾನುವಾರ ನಾನೂ ಅಪ್ಪನೂ ಹಲಸೂರು ಕೆರೆಯ ಪಕ್ಕದಲ್ಲಿ ನಡೆದು ಪುಲಿಕೇಶಿನಗರಕ್ಕೆ ಹೋಗುತ್ತಿದ್ದೆವು. ಬೋರ್ಡಿನ ಮೇಲೆ ಮಾತ್ರ ಪುಲಿಕೇಶಿನಗರ, ಬಾಯಲ್ಲಿ ಎಲ್ಲರಿಗೂ ಫ್ರೇಜರ್ ಟೌನ್. ಅಪ್ಪ ಕೈಯಲ್ಲಿ ಊಟದ ಡಬ್ಬಿ ಹಿಡಿದಿರುತ್ತಿದ್ದರು. ಎದುರಿಗೆ ಯಾರಾದರೂ ಸಿಕ್ಕರೆ ಓವರ್‌ಟೈಮ್ ಡ್ಯೂಟಿ ಎನ್ನುವುದು. ಮಗಳನ್ನು ಕರೆದುಕೊಂಡು ಯಾವ ಓವರ್‌ಟೈಮ್ ಎಂದು ಯಾರೂ ಕೇಳಲಿಲ್ಲ, ನಮ್ಮ ಪುಣ್ಯ.

ಮಾಸ್ಕ್ ರೋಡಿನ ಒಂದು ತಿರುವಿನಲ್ಲಿದ್ದ ಆ ಔಷಧಿ ಅಂಗಡಿಯಲ್ಲಿ ಕೌಂಟರಿನ ಹಿಂದೆ ಒಬ್ಬ ಹೆಂಗಸಿದ್ದರು. ತಲೆಗೆ ದುಪಟ್ಟಾ, ಮೇಲೆ ಬಿಳಿ ಕೋಟು, ಮೂಗಿನ ತುದಿಯಲ್ಲಿ ಕನ್ನಡಕ. ಫಾರ್ಮಸಿ ಓದಿದವರು, ಅಂಗಡಿಯೂ ಅವರದೇ. ಹೆಸರು ಮೆಹರುನ್ನಿಸಾ, ಎಲ್ಲರೂ ಕರೆಯುತ್ತಿದ್ದದ್ದು ಆಪಾ. ಬಿಳಿ ಕೋಟಿನ ಹೆಂಗಸೊಬ್ಬರು ಹತ್ತು ಗಂಡಸರನ್ನು “ಲೈನ್ ಮೇ ಆವೋ ಜೀ” ಎಂದು ಗದರಿಸಿ ನಿಲ್ಲಿಸುವುದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಬಹಳ ಹಿಡಿಸಿತು.

ಆಪಾಗೆ ಒಂದು ಅಭ್ಯಾಸ. ಯಾರೇ ಚೀಟಿ ಕೊಡಲಿ, ಮೊದಲು “ಯಾರಿಗೆ?” ಎಂದು ಕೇಳಬೇಕು, ಉತ್ತರ ಬರುವ ತನಕ ಕೈ ಕಪಾಟಿಗೆ ಹೋಗುವುದಿಲ್ಲ.

“ಫಿಟ್ಸ್ ಗುಳಿಗೆ. ಯಾರಿಗೆ ಇದು?” ಎಂದರು.

ಅಪ್ಪನ ಮುಖ ಬೆವರಿತು. ಹಿಂದೆ ಜನ ನಿಂತಿದ್ದರು. “ನಮ್ಮ... ನಮ್ಮ ದೋಸ್ತನ ಮಗಳಿಗಿ ರೀ” ಎಂದರು.

ಆಪಾ ಚೀಟಿಯಲ್ಲಿದ್ದ ವಯಸ್ಸು ನೋಡಿದರು. ಆಮೇಲೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ನಾನು ನೆಲ ನೋಡಿದೆ. “ಅಚ್ಛಾ. ದೋಸ್ತ್ ಮಗಳು” ಎಂದು ಗಂಭೀರವಾಗಿ ತಲೆಯಾಡಿಸಿ, ಅಪ್ಪನಿಗೆ ಹೇಳುವ ಹಾಗೆ ನನ್ನ ಕಡೆ ತಿರುಗಿ ಹೇಳತೊಡಗಿದರು. “ನಿಮ್ಮ ದೋಸ್ತ್ ಮಗಳಿಗೆ ಹೇಳ್ಬೇಕು, ಊಟ ಆದ್ಮೇಲೆ ತಗೋಬೇಕು ಅಂತ. ಮೊದಮೊದಲು ನಿದ್ದೆ ಬರುತ್ತೆ, ಡರ್‍ನೇಕಾ ನೈ, ಹೆದರ್ಬಾರ್ದು. ಒಸಡು ಊದಿದ್ರೆ ಮೆತ್ತಗಿನ ಬ್ರಷ್ ತಗೋಬೇಕು. ಮರೆತು ಹೋಯ್ತು ಅಂತ ಎರಡೆರಡು ನುಂಗ್ಬಾರ್ದು. ಹೇಳ್ತೀರಾ ಅವಳಿಗೆ?”

“ಹೇಳ್ತೀನ್ರಿ” ಎಂದರು ಅಪ್ಪ.

“ತಿಳೀತಾ?” ಎಂದರು ಆಪಾ ನನಗೆ. ನಾನು ತಲೆಯಾಡಿಸಿದೆ.

ಅಂದಿನಿಂದ ಇದು ನಮ್ಮ ಮೂವರ ಆಟವಾಯಿತು. “ನಿಮ್ಮ ದೋಸ್ತ್ ಮಗಳು ಹೆಂಗಿದಾಳೆ? ಕ್ಲಾಸಲ್ಲಿ ನಿದ್ದೆ ಮಾಡ್ತಾಳಂತಾ? ಟೀಚರ್ ಬೈತಾರಂತಾ? ಬಯ್ಯಲಿ ಬಿಡಿ, ಟೀಚರ್ ಅಂದ್ಮೇಲೆ ಬಯ್ಲೇಬೇಕು.” ಒಂದು ಸಲ ಒಸಡು ಊದಿ, ನಕ್ಕರೆ ಕುರೂಪಿಯಾಗಿ ಕಾಣುತ್ತೇನೆ ಎಂದು ನಾನು ವಾರಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದೆ. ಆಪಾ ಅದನ್ನು ಕಂಡು ಹೇಳಿದರು, “ನಿಮ್ಮ ದೋಸ್ತ್ ಮಗಳಿಗೆ ನಗೋಕೆ ಹೇಳಿ. ನಾಳೆ ಡಾಕ್ಟರ್‌ಗೆ ತೋರಿಸೋಕೂ ಹೇಳಿ.” ನನ್ನ ಕಾಯಿಲೆಯ ಬಗ್ಗೆ ಪಿಸುಗುಟ್ಟದೆ ಮಾತಾಡುತ್ತಿದ್ದದ್ದು ಇಡೀ ಬೆಂಗಳೂರಿನಲ್ಲಿ ಅದೊಂದೇ ಜಾಗ. ಅಲ್ಲಿಂದ ಹೊರಟ ಮೇಲೆ ಅಪ್ಪ ಬೇಕರಿಯಲ್ಲಿ ದಿಲ್‌ಪಸಂದ್ ಕೊಡಿಸುತ್ತಿದ್ದರು. ಕೊಬ್ಬರಿ ತುಂಬಿದ ಆ ಸಿಹಿ ರೊಟ್ಟಿಯನ್ನು ಕೆರೆಯ ಕಟ್ಟೆಯ ಮೇಲೆ ಕೂತು ನಾನು ತಿನ್ನುವಾಗ, ಅಪ್ಪ ಒಂದೊಂದೇ ಗುಳಿಗೆಯನ್ನು ಹೆಸರಿದ್ದ ಹಾಳೆಯಿಂದ ಒತ್ತಿ ತೆಗೆದು ಊಟದ ಡಬ್ಬಿಗೆ ಹಾಕುತ್ತಿದ್ದರು. ಖಾಲಿ ಹಾಳೆಗಳು ದಾರಿಯ ಕಸದ ತೊಟ್ಟಿಗೆ. ಮನೆಯಲ್ಲಿ ಅವ್ವ ಊಟದ ಡಬ್ಬಿಯಿಂದ ಜಟ್ಟಿಯ ಡಬ್ಬಿಗೆ ಸುರಿಯುತ್ತಿದ್ದಳು. ನನ್ನ ಗುಳಿಗೆಗೆ ಸದಾ ಸ್ವಲ್ಪ ಮಾವಿನಕಾಯಿ ಉಪ್ಪಿನಕಾಯಿಯ ವಾಸನೆ ಇರುತ್ತಿತ್ತು.

ಫಿಟ್ಸ್ ನಿಂತಿತು. ಅವ್ವನಿಗೆ ನೆಮ್ಮದಿ. ಬೂದಿ ಮುಚ್ಚಿದ ಕೆಂಡ ಎನ್ನುತ್ತಾರಲ್ಲ, ಹಾಗಿದ್ದೆವು.

ಆಗ ಊರಿಂದ ಆಯಿ ಬಂದಳು. ಆಯಿ ಎಂದರೆ ಅಪ್ಪನ ತಾಯಿ. ಮೊಣಕಾಲು ನೋವು, ಸುಸ್ತು, ಜೊತೆಗೆ ಮಗನ ಮನೆ ನೋಡುವ ಆಸೆ. ಅವಳಿಗೂ ನಮ್ಮ ಗುಟ್ಟು ಹೇಳಿರಲಿಲ್ಲ, ಯಾಕೆಂದರೆ ಆಯಿಗೆ ಹೇಳುವುದೂ ಊರ ಅಗಸಿ ಬಾಗಿಲಲ್ಲಿ ಡಂಗುರ ಹೊಡೆಸುವುದೂ ಒಂದೇ. ಹಗಲು ಹೊತ್ತು ನಾವೆಲ್ಲ ಹೊರಗೆ, ಆಯಿ ಒಬ್ಬಳೇ ಮನೆಯಲ್ಲಿ. ಮನೆ ಮಾಲೀಕರು ಕುಪ್ಪಮ್ಮ ಎಂಬ ತಮಿಳು ಮಾತಾಡುವ ಹೆಂಗಸು, ಬಾಯಿ ದೊಡ್ಡದು, ಮನಸ್ಸೂ ದೊಡ್ಡದು. ಅವರೇ ಆಯಿಗೆ ಗೂಡಿನತ್ತ ಕೈ ತೋರಿಸಿ ಹೇಳಿದ್ದರಂತೆ, “ಪಾಟೀ, ಅಷ್ಟು ಸುಸ್ತು ಅಂತೀರಲ್ಲ, ಶಕ್ತಿ ಮಾತ್ರೆ ಮನೇಲೇ ಇದೆ, ತಗೊಳ್ಳಿ. ನಿಮ್ಮ ಮೊಮ್ಮಗಳು ದಿನಾ ತಗೊಂತಾಳೆ.”

ಆಯಿ ಜಟ್ಟಿಯ ಚಿತ್ರ ನೋಡಿದಳು. ಜಟ್ಟಿ ಅವಳಿಗೆ ನಂಬಿಕಸ್ಥನಾಗಿ ಕಂಡ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತಗೊಂಡಳು. ಶಕ್ತಿ ಬರದೇ ಇದ್ದಾಗ ಒಂದಕ್ಕೆ ಎರಡು ಮಾಡಿದಳು. ಹೊಸ ತಿಂಗಳ ಗುಳಿಗೆ ಆಗಷ್ಟೇ ತುಂಬಿದ್ದರಿಂದ ಕಡಿಮೆಯಾದದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ಮೊದಲು ಮಂಪರು, ಆಮೇಲೆ ತೂರಾಟ. ನಲ್ಲಿಯ ತನಕ ನಡೆದು ಹೋಗುವಷ್ಟರಲ್ಲಿ ಗೋಡೆಯಿಂದ ಗೋಡೆಗೆ ಬೀಳುತ್ತಿದ್ದಳು. ಮುದುಕಿ ಕುಡಿಯುತ್ತಾಳೆ ಎಂದು ವಠಾರದಲ್ಲಿ ಗುಸುಗುಸು ಎದ್ದಿತು. ಲಿಂಗ ಕಟ್ಟಿಕೊಂಡ ನಮ್ಮ ಆಯಿ! ಒಂದು ಶನಿವಾರ ಮಧ್ಯಾಹ್ನ ನಲ್ಲಿಯ ಹತ್ತಿರ ಬಿದ್ದವಳು ಏಳಲಿಲ್ಲ. ವಾಂತಿ, ತೊದಲು ಮಾತು, ಕಣ್ಣುಗುಡ್ಡೆ ಒಂದು ಕಡೆ ನಿಲ್ಲುತ್ತಿರಲಿಲ್ಲ. ಅಪ್ಪ ಕೆಲಸದಲ್ಲಿದ್ದರು. ಅವ್ವ, ನಾನು, ಕುಪ್ಪಮ್ಮ, ಇನ್ನಿಬ್ಬರು ಅಕ್ಕಪಕ್ಕದವರು ಸೇರಿ ಎರಡು ಆಟೋದಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಹೋದೆವು.

ಡಾಕ್ಟರು ನೋಡಿ, “ಲಕ್ವ ಹೊಡೆದ ಹಾಗೆ ಕಾಣುತ್ತೆ. ದೊಡ್ಡ ಆಸ್ಪತ್ರೆಗೆ ಕಳಿಸ್ಬೇಕಾಗ್ಬಹುದು. ಬೇರೆ ಏನಾದ್ರೂ ಔಷಧಿ ತಗೊಳ್ತಿದ್ರಾ?” ಎಂದರು.

“ಇಲ್ರಿ, ಏನೂ ಇಲ್ಲ” ಎಂದಳು ಅವ್ವ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ಆಗ ಮಂಚದ ಮೇಲಿನಿಂದ ಆಯಿ ತೊದಲಿದಳು. “ಶಕ್ತಿ ಗುಳಿಗಿ ತಗೊಂಡೀನವ್ವ. ಕೂಸಿಂದು. ಆದ್ರೂ ಶಕ್ತಿ ಬರವಲ್ದು.”

“ಹಾ, ಹೌದು ಡಾಕ್ಟ್ರೇ, ವಿಟಮಿನ್ನು” ಎಂದು ಕುಪ್ಪಮ್ಮ ಸೇರಿಸಿದರು. “ದೊಡ್ಡ ಡಬ್ಬಿ. ಬೇಕಾದ್ರೆ ಹೋಗಿ ತರ್ತೀನಿ.”

“ವಿಟಮಿನ್ನಿಂದ ಏನಾಗಲ್ಲ” ಎಂದು ಡಾಕ್ಟರು ಕೈ ಝಾಡಿಸಿದರು.

ಅವ್ವ ಬಿಳಿಚಿಕೊಂಡಳು. ಅವಳ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಬಳೆ ಚುಚ್ಚುವಷ್ಟು ಬಿಗಿಯಾಗಿ. ಆ ಹಿಡಿತದಲ್ಲಿ ಎರಡೂ ಇತ್ತು, ಹೇಳು ಎಂಬುದೂ, ಹೇಳಬೇಡ ಎಂಬುದೂ. ಬಾಗಿಲಲ್ಲಿ ವಠಾರವೇ ನಿಂತಿತ್ತು. ಹೇಳಿದರೆ ಸಂಜೆಯೊಳಗೆ ಬೀದಿಗೆಲ್ಲ ಗೊತ್ತು, ನಾಳೆ ಶಾಲೆಗೆ ಗೊತ್ತು, ಅವ್ವ ಕಾಪಾಡಿಕೊಂಡು ಬಂದದ್ದೆಲ್ಲ ನೀರುಪಾಲು. ಹೇಳದಿದ್ದರೆ ಆಯಿ ಏನಾಗುತ್ತಾಳೋ. ಡಬ್ಬಿ ತಂದು ತೋರಿಸಿದರೂ ಅದರ ಮೇಲೆ ವಿಟಮಿನ್ ಎಂದೇ ಇರುತ್ತದೆ, ಡಾಕ್ಟರು ಅದನ್ನು ಓದಿ ಬದಿಗಿಡುತ್ತಾರೆ. ಇದು ಹೊಳೆದ ಕೂಡಲೇ ನಾನು ಮಂಚದ ಹತ್ತಿರ ಸರಿದೆ.

“ಅದು ವಿಟಮಿನ್ ಅಲ್ಲ ಸರ್” ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು. “ಡಬ್ಬಿ ಮಾತ್ರ ವಿಟಮಿನ್ನಿಂದು. ಒಳಗಿರೋದು ನನ್ನ ಫಿಟ್ಸ್ ಗುಳಿಗೆ. ನಂಗೆ ಫಿಟ್ಸ್ ಇದೆ.” ಗುಳಿಗೆಯ ಹೆಸರನ್ನೂ ಹೇಳಿದೆ. ಆಪಾ ಪ್ರತಿ ತಿಂಗಳೂ ಗಟ್ಟಿಯಾಗಿ ಹೇಳುತ್ತಿದ್ದದ್ದರಿಂದ ಅದು ನನಗೆ ಮಗ್ಗಿಯ ಹಾಗೆ ಬಾಯಿಪಾಠವಾಗಿತ್ತು.

ಡಾಕ್ಟರು ಗಕ್ಕನೆ ತಿರುಗಿದರು. ಅಲ್ಲಿಂದ ಮುಂದೆ ಎಲ್ಲ ಬೇರೆ ದಾರಿ ಹಿಡಿಯಿತು. ಗುಳಿಗೆ ನಿಲ್ಲಿಸಿ, ಸಲೈನ್ ಹಾಕಿ, ಪಕ್ಕದಲ್ಲೇ ಕೂತು ನೋಡಿಕೊಂಡರು. “ಹೇಳಿದ್ದು ಒಳ್ಳೇದಾಯ್ತು ಮರಿ” ಎಂದರು. ಕೆಲವೇ ದಿನಗಳಲ್ಲಿ ಆಯಿಯ ಕಣ್ಣು ನೆಟ್ಟಗಾಯಿತು, ಮಾತು ನೆಟ್ಟಗಾಯಿತು. ಎದ್ದು ಕೂತವಳೇ ಮೊದಲು ಹೇಳಿದ್ದು, “ನಿದ್ದಿ ಮಾತ್ರ ಭಾಳ ಛಲೋ ಬಂತು ನೋಡ್ರಿ.” ಆಮೇಲೆ ಅವ್ವನ ಕಡೆ ತಿರುಗಿ, “ನನಗೊಂದು ಮಾತು ಹೇಳಿದ್ರ ನಿನ್ನ ಗಂಟೇನ್ ಹೋಗ್ತಿತ್ತು?” ಎಂದಳು. ಅವ್ವ ಅತ್ತಳು. ಆಸ್ಪತ್ರೆಯ ಆ ಹಸಿರು ಪರದೆಯ ಹಿಂದೆ ನಿಂತು, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ವಠಾರ ಏನು ಮಾಡಿತು ಎಂದರೆ, ಒಬ್ಬೊಬ್ಬರು ಒಂದೊಂದು ಮಾಡಿದರು. ಕೊನೆಯ ಮನೆಯವರು ತಮ್ಮ ಮಗಳನ್ನು ನನ್ನ ಜೊತೆ ಶಾಲೆಗೆ ಕಳಿಸುವುದನ್ನು ಬಿಟ್ಟರು. ಅದು ನೋಯಿಸಿತು, ಇಲ್ಲ ಎನ್ನುವುದಿಲ್ಲ. ಮನೆ ಬಿಡಿಸುತ್ತಾರೇನೋ ಎಂದು ಅಪ್ಪ ಹೆದರಿದ್ದರೆ, ಕುಪ್ಪಮ್ಮ ಒಂದು ದೊಡ್ಡ ಕಬ್ಬಿಣದ ಬೀಗದ ಕೈಗೆ ಕರಿ ದಾರ ಕಟ್ಟಿ ತಂದು ನನ್ನ ಕೈಗಿಟ್ಟರು. “ಸೊಂಟಕ್ಕೆ ಕಟ್ಕೋ ಮಗಾ. ಬಂದಾಗ ಹುಡುಕೋದು ಬೇಡ.” ಬೀಗದ ಕೈಯಿಂದ ಏನೂ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು, ಆದರೆ ಇಸಿದುಕೊಂಡೆ. ಪ್ರೀತಿಯಿಂದ ಕೊಟ್ಟದ್ದನ್ನು ಬೇಡ ಎನ್ನಬಾರದು. ಅದು ಅವರ ಸೌದೆ ಮನೆಯ ಬೀಗದ್ದಂತೆ. ತಿಂಗಳಾದ ಮೇಲೆ ಹುಡುಕಾಡಿ, ನಾಚುತ್ತಾ ಬಂದು, “ಅದು ಒಸಿ ಕೊಡ್ತೀಯಾ, ಬೇರೆ ತಂದ್ಕೊಡ್ತೀನಿ” ಎಂದರು.

ಅವ್ವ ಜಟ್ಟಿಯ ಡಬ್ಬಿಯನ್ನು ತಿಕ್ಕಿ ತಿಕ್ಕಿ ತೊಳೆದು, ಚಿತ್ರ ಹರಿದು ಹಾಕಿ, ಅದಕ್ಕೆ ಸಾಸಿವೆ ತುಂಬಿದಳು. ಗುಳಿಗೆ ತನ್ನ ಹೆಸರಿನ ಹಾಳೆಯಲ್ಲೇ ಗೂಡಿನಲ್ಲಿ ಕೂತಿತು.

ನಾನು ಫಾರ್ಮಸಿ ಓದುತ್ತೇನೆ ಎಂದು ತೀರ್ಮಾನಿಸಿದ್ದು ಆ ನರ್ಸಿಂಗ್ ಹೋಮಿನ ಬೆಂಚಿನ ಮೇಲೆ. ಸೇವೆ ಗೀವೆ ಎಂದು ದೊಡ್ಡ ಮಾತು ಆಡಲಾರೆ. ನನಗಿದ್ದದ್ದು ಸಿಟ್ಟು. ಪ್ರಾಣ ಉಳಿಸುವ ಗುಳಿಗೆ ಕಳ್ಳನ ಹಾಗೆ ಬೇರೆ ಡಬ್ಬಿಯಲ್ಲಿ ಯಾಕೆ ಅಡಗಿ ಕೂರಬೇಕು? ಅದು ಮಾಡಿದ ತಪ್ಪೇನು? ನಾನು ಮಾಡಿದ ತಪ್ಪೇನು? ಪಿಯುಸಿ ವಿಜ್ಞಾನ ಮುಗಿಸಿ ಡಿಪ್ಲೊಮಾಕ್ಕೆ ಅರ್ಜಿ ಹಾಕುತ್ತೇನೆ ಎಂದಾಗ ಅಪ್ಪ ಅಂಜಿದರು. “ಲ್ಯಾಬ್‌ನ್ಯಾಗ ಬೆಂಕಿ, ಆಸಿಡ್ಡು, ಗಾಜು. ಅಲ್ಲಿ ಬಂತಂದ್ರ ಹ್ಯಾಂಗವ್ವ? ಬಿ.ಎ. ಮಾಡು, ಟೀಚರ್ ಆಗು.”

“ಟೀಚರ್‌ಗೆ ಫಿಟ್ಸ್ ಬರಲ್ವಾ ಅಪ್ಪ?” ಎಂದೆ.

ಆಯಿ ಊರಿಂದ ಹೇಳಿ ಕಳಿಸಿದಳು, “ಓದಲಿ ಬಿಡು. ಆಕಿ ಗುಳಿಗಿ ನಾನೂ ತಿಂದೀನಿ. ಏನೂ ಆಗಲ್ಲ.” ಆಯಿಯ ತರ್ಕಕ್ಕೆ ತಲೆಬುಡ ಇರಲಿಲ್ಲ. ಆದರೆ ತಾಯಿಯ ಮಾತನ್ನು ಅಪ್ಪ ಮೀರುವವರಲ್ಲ.

ಕಾಲೇಜಿನ ಮೊದಲ ದಿನ ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ ಯಾಕೆ ಈ ಕೋರ್ಸ್ ಎಂದು ಕೇಳಿದರು. ಜನಸೇವೆ, ಸ್ವಂತ ಅಂಗಡಿ, ಗಲ್ಫ್, ಹೀಗೆ ಬಂತು. ನನ್ನ ಸರದಿ. “ಡಬ್ಬಿ ಮೇಲೆ ಒಳಗಿರೋದರ ಹೆಸರೇ ಇರ್ಬೇಕು ಅಂತ ಸರ್” ಎಂದೆ. ಕ್ಲಾಸು ನಕ್ಕಿತು. ನಾನು ಕೂರಲಿಲ್ಲ. “ಇನ್ನೊಂದು ವಿಷಯ. ನಂಗೆ ಫಿಟ್ಸ್ ಇದೆ. ಬಂದ್ರೆ ಪಕ್ಕಕ್ಕೆ ಹೊರಳಿಸಿ ಮಲಗಿಸಿ, ತಲೆ ಕೆಳಗೆ ಬ್ಯಾಗ್ ಇಡಿ, ಬಾಯಿಗೆ ಏನೂ ಹಾಕ್ಬೇಡಿ, ನಿಲ್ಲೋವರೆಗೂ ಪಕ್ಕದಲ್ಲಿರಿ. ಮುಖ್ಯವಾಗಿ ಚಪ್ಪಲಿ ಬೇಡ.” ಈ ಸಲ ಯಾರೂ ನಗಲಿಲ್ಲ. ಪಕ್ಕದಲ್ಲಿ ಕೂತಿದ್ದ ಜೆಸಿಂತಾ, ಕಾಕ್ಸ್ ಟೌನಿನ ಹುಡುಗಿ, ಮೆಲ್ಲಗೆ ಕೇಳಿದಳು, “ನಿಜವಾಗ್ಲೂ ಚಪ್ಪಲಿ ಇಡ್ತಾರಾ? ಛೀ!”

ಒಂದು ದಿನ ಫಿಟ್ಸ್ ಬಂದೂಬಿಟ್ಟಿತು. ಪರೀಕ್ಷೆಗೆ ನಿದ್ದೆಗೆಟ್ಟು ಓದಿದ್ದರ ಫಲ. ಲ್ಯಾಬಿನಲ್ಲಿ ಮುಲಾಮು ಅರೆಯುತ್ತಾ ನಿಂತಿದ್ದೆ. ಕಣ್ಣು ತೆರೆದಾಗ ಪಕ್ಕಕ್ಕೆ ಮಲಗಿದ್ದೆ, ತಲೆಯ ಕೆಳಗೆ ಜೆಸಿಂತಾಳ ಬ್ಯಾಗು, ಸೊಂಟದ ಮೇಲೆ ಯಾರದೋ ಬಿಳಿ ಕೋಟು ಹೊದಿಸಿತ್ತು. ಅಟೆಂಡರ್ ಒಬ್ಬರು ಬೀಗದ ಕೈ ಹಿಡಿದು ಬಾಗಿಲಲ್ಲಿ ನಿಂತಿದ್ದರು, ಅವರಿಗೆ ಅಡ್ಡವಾಗಿ ನಮ್ಮ ಬ್ಯಾಚಿನ ಹುಡುಗರು ಗೋಡೆ ಕಟ್ಟಿ ನಿಂತಿದ್ದರು. ಮೂಗಿಗೆ ಬಂದದ್ದು ಮುಲಾಮಿನ ಕರ್ಪೂರದ ವಾಸನೆ ಮಾತ್ರ. “ಇದೀನಿ ಕಣೇ, ಇಲ್ಲೇ ಇದೀನಿ” ಎನ್ನುತ್ತಿದ್ದಳು ಜೆಸಿಂತಾ. ನಾನು ಅತ್ತೆ, ಸಂತೋಷಕ್ಕೆ. ಹೇಳಿದರೆ ಕೇಳುವ ಜನ ಇರುತ್ತಾರೆ ಎಂದು ಆ ದಿನ ಗೊತ್ತಾಯಿತು.

ಲ್ಯಾಬಿನ ಮೇಡಂ ಮಾತ್ರ ಪ್ರಾಕ್ಟಿಕಲ್ಸ್ ಬಿಟ್ಟು ಮನೆಯಲ್ಲಿರು ಎಂದರು. ಪ್ರಾಕ್ಟಿಕಲ್ಸ್ ಬಿಟ್ಟರೆ ಕೋರ್ಸೇ ಬಿಟ್ಟ ಹಾಗೆ. ಆಗ ಅವ್ವ ಕಾಲೇಜಿಗೆ ಬಂದಳು. ಹೌದು, ಅವ್ವ. ಗಾರ್ಮೆಂಟ್ಸಿಗೆ ರಜೆ ಹಾಕಿ, ಇಳಕಲ್ ಸೀರೆ ಉಟ್ಟು, ಡಾಕ್ಟರಮ್ಮನನ್ನು ಕಂಡು ಕೇಳಿಕೊಂಡು ಬಂದದ್ದನ್ನು ಮೇಡಂ ಎದುರು ಒಪ್ಪಿಸಿದಳು. “ಫಿಟ್ಸ್ ಅದ ರೀ ನಮ್ಮ ಹುಡುಗಿಗಿ. ಗುಳಿಗಿ ತಗೊಂಡು ನಿದ್ದಿ ಮಾಡಿದ್ರ ಬರಂಗಿಲ್ಲ. ಬೆಂಕಿ ಕೆಲಸ ಗೆಳತಿ ಹಚ್ಚಿ ಕೊಡ್ತಾಳ. ಉಳದದ್ದು ಈಕಿ ಮಾಡ್ತಾಳ. ಓದಾದು ಬಿಡಸಬ್ಯಾಡ್ರಿ.” ಮೇಡಂ ಒಪ್ಪಿದರು. ಮೆಟ್ಟಿಲಿಳಿಯುವಾಗ ಅವ್ವನ ಕೈ ಮತ್ತೆ ನನ್ನ ಮಣಿಕಟ್ಟು ಹಿಡಿದಿತ್ತು. ಈ ಸಲ ಬಳೆ ಚುಚ್ಚಲಿಲ್ಲ.

ಕೋರ್ಸಿನ ಕೊನೆಗೆ ತರಬೇತಿಗೆ ಒಂದು ಅಂಗಡಿ ಬೇಕಿತ್ತು. ಎಲ್ಲಿಗೆ ಹೋಗಲಿ? ಕೆರೆ ದಾಟಿ ಹೋದೆ. ಆಪಾ ಕನ್ನಡಕದ ಮೇಲಿನಿಂದ ನೋಡಿ, “ಅರೇ ವಾಹ್, ದೋಸ್ತ್ ಮಗಳು! ಕೋಟ್ ಹಾಕ್ಕೋ” ಎಂದರು.

ಒಂದು ಮಾತು ಹೇಳಬೇಕು. ಅಷ್ಟು ಹೊತ್ತಿಗೆ ವಠಾರಕ್ಕೆ ಗೊತ್ತು, ಊರಿಗೆ ಗೊತ್ತು, ಆಯಿಯ ದಯೆಯಿಂದ ಭೀಮಾ ನದಿಯ ಎರಡೂ ದಂಡೆಗೆ ಗೊತ್ತು. ಆದರೂ ಅಪ್ಪ ಆಪಾ ಅವರ ಅಂಗಡಿಯಲ್ಲಿ ಮಾತ್ರ ಮೊದಲ ದಿನದ ಸುಳ್ಳನ್ನು ಬಿಟ್ಟಿರಲಿಲ್ಲ. ಅವ್ವ ಕಾಲೇಜಿಗೆ ಹೋಗಿ ಹೇಳಿ ಬಂದಳು, ಅಪ್ಪನಿಗೆ ಆ ಕೌಂಟರಿನಲ್ಲಿ ಬಾಯಿ ಬರುತ್ತಿರಲಿಲ್ಲ. ಆಪಾ ಕೇಳುವುದು, ಅಪ್ಪ ದೋಸ್ತನ ಮಗಳಿಗೆ ಎನ್ನುವುದು, ಊಟದ ಡಬ್ಬಿ ಮುಂದೆ ಮಾಡುವುದು. ನನಗೆ ನಗು ಬರುತ್ತಿತ್ತು. ಒಳಗೆಲ್ಲೋ ಸಣ್ಣಗೆ ಚುಚ್ಚುತ್ತಲೂ ಇತ್ತು.

ನಾನು ಕೌಂಟರಿನಲ್ಲಿ ನಿಂತ ಮೊದಲ ಭಾನುವಾರ. ಗುಳಿಗೆ ನಾನೇ ತರುತ್ತೇನೆ ಎಂದರೂ ಅಪ್ಪ ಕೇಳಲಿಲ್ಲ, “ತಿಂಗಳ ಕೆಲಸ ನಂದು” ಎಂದಿದ್ದರು. ಬೆಳಗಿನ ಗಿರಾಕಿಗಳ ನಡುವೆ ಸಾಲಿನಲ್ಲಿ ಬಂದು ನಿಂತರು. ಕೈಯಲ್ಲಿ ಅದೇ ಊಟದ ಡಬ್ಬಿ. ಚೀಟಿಯನ್ನು ಅಭ್ಯಾಸಬಲದಿಂದ ಆಪಾ ಕಡೆ ಚಾಚಿದರು. ಆಪಾ ಮುಟ್ಟಲಿಲ್ಲ. “ಅವಳಿಗೆ ಕೊಡಿ. ಇವತ್ತು ಕೌಂಟರ್ ಅವಳದು” ಎಂದು ಬೇರೆ ಕಡೆ ತಿರುಗಿ ಸುಮ್ಮನೆ ಬಾಟಲಿ ಸರಿಸತೊಡಗಿದರು.

ನಾನು ಚೀಟಿ ತಗೊಂಡೆ. ನಿಯಮ ನಿಯಮವೇ. “ಫಿಟ್ಸ್ ಗುಳಿಗೆ. ಯಾರಿಗೆ ರೀ ಇದು?” ಎಂದೆ.

ಅಪ್ಪ ನನ್ನನ್ನು ನೋಡಿದರು. ನನ್ನ ಬಿಳಿ ಕೋಟು ನೋಡಿದರು. ಹಿಂದೆ ನಿಂತವರೊಬ್ಬರು ಬೇಗ ಆಗಲಿ ಎಂಬಂತೆ ಕೆಮ್ಮಿದರು.

“ನನ್ನ ಮಗಳಿಗಿ” ಎಂದರು ಅಪ್ಪ. ಲೇತ್ ಮಷೀನಿನ ಸದ್ದಿನ ಮೇಲೆ ಮಾತಾಡಿ ರೂಢಿಯಾದ ದನಿ ಅವರದು. ಅಂಗಡಿಗೆಲ್ಲ ಕೇಳಿಸಿತು. “ನನ್ನ ಸ್ವಂತ ಮಗಳಿಗಿ ರೀ. ಭಾಗ್ಯವಂತಿ ಅಂತ.”

ಆಪಾ ಬಾಟಲಿ ಸರಿಸುವುದನ್ನು ನಿಲ್ಲಿಸಿ ದುಪಟ್ಟಾದ ತುದಿಯಿಂದ ಕನ್ನಡಕ ಒರೆಸಿಕೊಂಡರು. ನಾನು ಗುಳಿಗೆ ಎಣಿಸಿ ಕವರಿಗೆ ಹಾಕಿ, ಮೇಲೆ ಗುಳಿಗೆಯ ಹೆಸರು ಬರೆದೆ. ಅದರ ಕೆಳಗೆ ಫಿಟ್ಸ್‌ಗೆ, ಊಟದ ನಂತರ ಎಂದು ಬರೆದೆ. ಅದರ ಕೆಳಗೆ ನನ್ನ ಹೆಸರು ಬರೆದೆ.

ಅಪ್ಪ ಅದನ್ನು ಓದಿದರು. ಊಟದ ಡಬ್ಬಿಯನ್ನು ಕಂಕುಳಲ್ಲಿ ಇರುಕಿಕೊಂಡರು, ಮುಚ್ಚಳ ತೆರೆಯಲಿಲ್ಲ. ಕವರನ್ನು ಅಂಗಿಯ ಜೇಬಿಗೆ ಇಟ್ಟುಕೊಂಡು, ಅದು ಒಳಗೆ ಜಾರಿದ್ದು ಕಂಡು ಮತ್ತೆ ಮೇಲೆಳೆದು, ಹೆಸರು ಹೊರಗೆ ಕಾಣುವ ಹಾಗೆ ಸರಿಮಾಡಿಕೊಂಡು, ಮಾಸ್ಕ್ ರೋಡಿನ ಭಾನುವಾರದ ಜನದ ನಡುವೆ ಮನೆಗೆ ನಡೆದರು.